ವಿಹಾರ ನೌಕೆ: ಒಬ್ಬ ಪ್ರಯಾಣಿಕನ ಬೇಡಿಕೆಗಳು



ಈ ಭಾಷಣವನ್ನು ದೂರದರ್ಶನದಲ್ಲಿ ಕೇಳಿದವರು ಹಡಗಿನ ಚಿತ್ರಗಳನ್ನೂ ನೋಡಿರುತ್ತೀರಿ. ಪುಸ್ತಿಕೆಯಲ್ಲಿ ಮಾತ್ರ ಓದುತ್ತಿರುವವರು ಸ್ವಲ್ಪ ಕಲ್ಪನೆ ಮಾಡಿಕೊಳ್ಳಬೇಕಾಗುತ್ತದೆ. ಹನ್ನೊಂದು ಅಂತಸ್ತಿನ ಒಂದು ದೊಡ್ಡ ಹೋಟೆಲನ್ನು ಕಣ್ಣ ಮುಂದೆ ತಂದುಕೊಳ್ಳಿ. ಅದರೊಳಗೆ ಸಾವಿರದಷ್ಟು ಜನ ಕೂರಬಹುದಾದ ನಾಟಕಶಾಲೆ, ಸಿನಿಮಾ ಮಂದಿರ, ಮೂರು ನಾಲ್ಕು ಭೋಜನಶಾಲೆಗಳು, ಎಲ್ಲಕ್ಕೂ ಮೇಲೆ ಈಜುಕೊಳ. ಈ ಹೋಟೆಲು ಸಂಜೆ ಒಮ್ಮೆ ದೀರ್ಘವಾಗಿ ಶಿಳ್ಳೆ ಹಾಕಿ ಹೊರಟು, ರಾತ್ರಿಯಿಡೀ ಸಮುದ್ರದ ಮೇಲೆ ಸಾಗಿ, ನೀವು ಬೆಳಿಗ್ಗೆ ಹಲ್ಲುಜ್ಜುವ ಹೊತ್ತಿಗೆ ಇನ್ನೊಂದು ದೇಶದ ದಡದಲ್ಲಿ ನಿಂತಿರುತ್ತದೆ. ವಿಹಾರ ನೌಕೆ ಎಂದರೆ ಇದು.

ಮಕ್ಕಳಿರುವ ಸಂಸಾರಗಳಿಗೆಂದೇ ಇಂಥ ಹಡಗು ಕಟ್ಟಿಸಿ ಹೆಸರು ಮಾಡಿದ್ದು ಅಮೆರಿಕದ ಡಿಸ್ನಿ ಸಂಸ್ಥೆ. ಅದರ ಮೊದಲ ಹಡಗು 'ಡಿಸ್ನಿ ಮ್ಯಾಜಿಕ್' ಇಟಲಿಯಲ್ಲಿ ತಯಾರಾಗಿ 1998ರ ಜುಲೈ ತಿಂಗಳಲ್ಲಿ ಫ್ಲಾರಿಡಾದ ಪೋರ್ಟ್ ಕೆನಾವೆರಲ್ ಬಂದರಿನಿಂದ ಮೊದಲ ಯಾನ ಹೊರಟಿತು. ಅದು ಸುಮಾರು 84,000 ಟನ್ನೇಜಿನ ಹಡಗು. ಇಲ್ಲೊಂದು ಸಣ್ಣ ವಿವರಣೆ ಬೇಕು. ಟನ್ನೇಜ್ ಎಂದ ಕೂಡಲೆ ನಾವೆಲ್ಲ ತೂಕ ಎಂದುಕೊಳ್ಳುತ್ತೇವೆ. ಪ್ರಯಾಣಿಕ ಹಡಗಿನ 'ಗ್ರಾಸ್ ಟನ್ನೇಜ್' ತೂಕವಲ್ಲ, ಅದು ಹಡಗಿನ ಒಳಗಿನ ಒಟ್ಟು ಜಾಗದಿಂದ ಲೆಕ್ಕ ಹಾಕಿದ ಸಂಖ್ಯೆ. 84,000 ಟನ್ನೇಜ್ ಎಂದರೆ ಸರಿಸುಮಾರು ಎರಡು ಲಕ್ಷ ಎಪ್ಪತ್ತು ಸಾವಿರ ಘನ ಮೀಟರ್ ಜಾಗ. ಪರೀಕ್ಷೆಯಲ್ಲಿ ಯಾರೂ ಕೇಳಲಾರರು, ಆದರೂ ತಿಳಿದಿರಲಿ.

ಇನ್ನು ಇದರಲ್ಲಿ ನನಗೇನು ಕೆಲಸ ಎಂದು ನೀವು ಕೇಳಬಹುದು. ನನ್ನ ಅಕ್ಕ ಮತ್ತು ಭಾವ ಫ್ಲಾರಿಡಾದ ಆರ್ಲ್ಯಾಂಡೊ ನಗರದಲ್ಲಿ ನೆಲೆಸಿದ್ದಾರೆ. ಅಲ್ಲಿಂದ ಬಂದರಿಗೆ ಕಾರಿನಲ್ಲಿ ಒಂದು ಗಂಟೆಯ ದಾರಿ. ಫ್ಲಾರಿಡಾದ ನಿವಾಸಿಗಳಿಗೆ ಕೆಲವೊಮ್ಮೆ ಟಿಕೆಟ್ ದರದಲ್ಲಿ ರಿಯಾಯಿತಿ ಸಿಗುತ್ತದೆ. ಭಾವನವರು ಲೆಕ್ಕದ ಮನುಷ್ಯ, ರಿಯಾಯಿತಿ ಬಿಡುವವರಲ್ಲ. ಹೀಗಾಗಿ ನಾನು 2014, 2016, 2019, 2022 ಮತ್ತು 2024ರಲ್ಲಿ, ಒಟ್ಟು ಐದು ಬಾರಿ, ಅವರೊಂದಿಗೆ ಒಂದೇ ಸಂಸ್ಥೆಯ ಹಡಗುಗಳಲ್ಲಿ ಬಹಾಮಾಸ್ ದ್ವೀಪಗಳ ಕಡೆ ಹೋಗಿಬಂದೆ. ಸಂಸ್ಥೆಯ ಹೆಸರು ಬೇಡ. ನನ್ನ ಬೇಡಿಕೆಗಳಲ್ಲಿ ಹೆಚ್ಚಿನವು ಇಂಥ ಯಾವ ಸಂಸ್ಥೆಗಾದರೂ ಅನ್ವಯಿಸುತ್ತವೆ.

ಮೊದಲೇ ಹೇಳಿಬಿಡುತ್ತೇನೆ, ಪ್ರವಾಸಗಳು ಚೆನ್ನಾಗಿದ್ದವು. ಮಕ್ಕಳು ಕುಣಿದಾಡಿದರು, ಅಕ್ಕನಿಗೆ ನಾಲ್ಕು ದಿನ ಅಡಿಗೆಮನೆಯಿಂದ ಬಿಡುವು ಸಿಕ್ಕಿತು. ದೂರು ಹೇಳುವುದಕ್ಕಾಗಿ ಐದು ಬಾರಿ ಹಡಗು ಹತ್ತುವಷ್ಟು ಹಣವೂ ಯಾರಲ್ಲೂ ಇರುವುದಿಲ್ಲ. ಆದರೆ ಒಂದು ಊರಿಗೆ ಮತ್ತೆ ಮತ್ತೆ ಹೋದವನಿಗೆ ಮೊದಲ ಸಲ ಕಾಣದ್ದು ಕಾಣುತ್ತದಲ್ಲವೆ? ಮೊದಲ ಸಲ ದೀಪಾಲಂಕಾರ ಕಂಡಿತು. ಎರಡನೆಯ ಸಲ, ಮೂರನೆಯ ಸಲ, ಬಾಗಿಲುಗಳು ಕಾಣತೊಡಗಿದವು. 'ಸಿಬ್ಬಂದಿಗೆ ಮಾತ್ರ' ಎಂದು ಬರೆದ, ಗೋಡೆಯ ಬಣ್ಣವನ್ನೇ ಬಳಿದ ಬಾಗಿಲುಗಳು. ಆ ಬಾಗಿಲುಗಳ ಹಿಂದೆ ಇರುವುದೇ ನಿಜವಾದ ಹಡಗು. ಮಕ್ಕಳಿಗೆಂದು ಕಟ್ಟಿದ ಹಡಗಿನಲ್ಲಿ ಮಕ್ಕಳಿಗೆ ತೋರಿಸದೆ ಇರುವುದು ಹಡಗನ್ನೇ. ನನ್ನ ಬೇಡಿಕೆಗಳೆಲ್ಲ ಹುಟ್ಟಿದ್ದು ಅಲ್ಲಿಂದ.

ಎಲ್ಲಕ್ಕಿಂತ ಮುಖ್ಯವಾದದ್ದು ತುರ್ತು ಕವಾಯತು. ಹಡಗಿನಲ್ಲಿ ಅಪಾಯವಾದರೆ ಏಳು ಸಣ್ಣ ಕೂಗು, ಒಂದು ದೀರ್ಘ ಕೂಗು ಕೇಳಿಸುತ್ತದೆ. ಆಗ ಪ್ರತಿಯೊಬ್ಬರೂ ತಮಗೆ ಗೊತ್ತುಮಾಡಿದ ಕೂಡುತಾಣಕ್ಕೆ ಹೋಗಿ ಲೈಫ್ ಜಾಕೆಟ್ ತೊಡಬೇಕು. ಇದನ್ನು ಪ್ರಯಾಣಿಕರಿಗೆ ಮುಂಚಿತವಾಗಿ ಅಭ್ಯಾಸ ಮಾಡಿಸಬೇಕೆಂಬುದು ಅಂತರರಾಷ್ಟ್ರೀಯ ನಿಯಮ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ರೂಪುಗೊಂಡ 'ಸೋಲಾಸ್' ಒಪ್ಪಂದ, ಅಂದರೆ ಸಮುದ್ರದಲ್ಲಿ ಜೀವರಕ್ಷಣೆಯ ಒಪ್ಪಂದ, ಇಂಥ ನಿಯಮಗಳ ತಾಯಿಬೇರು.

2012ರ ಜನವರಿ 13ರ ರಾತ್ರಿ ನಡೆದದ್ದನ್ನು ನೀವು ತಿಳಿದಿರಬೇಕು. 'ಕೋಸ್ಟಾ ಕಾನ್ಕೋರ್ಡಿಯ' ಎಂಬ ದೊಡ್ಡ ವಿಹಾರ ನೌಕೆ ಇಟಲಿಯ ಜಿಲಿಯೊ ದ್ವೀಪಕ್ಕೆ ಅತಿ ಸಮೀಪವಾಗಿ ಹಾದುಹೋಗುವಾಗ ಬಂಡೆಗೆ ತಗುಲಿತು. ಹಡಗಿನಲ್ಲಿ 4,200ಕ್ಕೂ ಹೆಚ್ಚು ಜನರಿದ್ದರು, 32 ಮಂದಿ ಸತ್ತರು. ಅದೇ ಸಂಜೆ ಹಡಗು ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಕವಾಯತು ಆಗಿರಲೇ ಇಲ್ಲ. ಇದರಲ್ಲಿ ನಿಯಮಭಂಗವೇನೂ ಇರಲಿಲ್ಲ, ಏಕೆಂದರೆ ಆಗಿನ ನಿಯಮ 24 ಗಂಟೆಯೊಳಗೆ ಮಾಡಿದರೆ ಸಾಕು ಎನ್ನುತ್ತಿತ್ತು. ಹಡಗನ್ನು ತೊರೆಯಿರಿ ಎಂಬ ಅಪ್ಪಣೆ ಬಂದದ್ದು ಬಂಡೆ ತಗುಲಿ ಒಂದು ಗಂಟೆಗೂ ಹೆಚ್ಚು ಕಾಲ ಕಳೆದ ಮೇಲೆ. ಅಷ್ಟರಲ್ಲಿ ಹಡಗು ಒಂದು ಪಕ್ಕಕ್ಕೆ ವಾಲಿತ್ತು. ವಾಲಿದ ಹಡಗಿನಲ್ಲಿ ಮೇಲೆದ್ದ ಪಕ್ಕದ ದೋಣಿಗಳು ನೇರವಾಗಿ ಕೆಳಗಿಳಿಯುವುದಿಲ್ಲ, ಹಡಗಿನ ಮೈಗೆ ಉಜ್ಜಿಕೊಂಡು ಸಿಕ್ಕಿಕೊಳ್ಳುತ್ತವೆ. ಗುರುತ್ವಾಕರ್ಷಣೆಯ ದಿಕ್ಕು ಬದಲಾಗುವುದಿಲ್ಲ, ಹಡಗಿನ ಗೋಡೆಯ ದಿಕ್ಕು ಬದಲಾಗಿರುತ್ತದೆ, ಅಷ್ಟೆ. ಈ ದುರಂತದ ನಂತರ ನಿಯಮ ತಿದ್ದಲಾಯಿತು. 2015ರ ಜನವರಿ 1ರಿಂದ, ಹಡಗು ಹೊರಡುವ ಮೊದಲು ಅಥವಾ ಹೊರಟ ತಕ್ಷಣವೇ ಕವಾಯತು ಆಗಲೇಬೇಕು.

2014ರಲ್ಲಿ ನಾವು ಮೊದಲ ಸಲ ಹೋದಾಗ ಎಲ್ಲರೂ ಡೆಕ್ಕಿನ ಮೇಲೆ ಸಾಲಾಗಿ ನಿಂತೆವು. ಬಿಸಿಲಿತ್ತು, ಅರ್ಧ ಗಂಟೆ ಹಿಡಿಯಿತು, ಹಿರಿಯರು ಗೊಣಗಿದರು. ಅಕ್ಕನ ಮಗಳಿಗೆ ಆಗ ಎಂಟು ವರ್ಷ. ತಲೆಯ ಮೇಲೆ ತೂಗುತ್ತಿದ್ದ ಹಳದಿ ದೋಣಿಯನ್ನು ನೋಡಿ, "ಮಾವ, ಇದೇ ನಮ್ಮ ದೋಣಿಯಾ?" ಎಂದು ಕೇಳಿದಳು. ಆ ದೋಣಿಯ ಸಂಖ್ಯೆ ಇವತ್ತಿಗೂ ಅವಳಿಗೆ ನೆನಪಿದೆ.

2020ರಲ್ಲಿ ಮಹಾಮಾರಿ ಬಂತು. ಜನರನ್ನು ಒಟ್ಟಿಗೆ ನಿಲ್ಲಿಸಬಾರದೆಂದು ಹಲವು ಸಂಸ್ಥೆಗಳು ಹೊಸ ಪದ್ಧತಿ ತಂದವು. ಮೊಬೈಲಿನಲ್ಲಿ ಒಂದು ಚಿತ್ರ ನೋಡುವುದು, ಆಮೇಲೆ ತಮಗೆ ಬಿಡುವಾದಾಗ ಕೂಡುತಾಣಕ್ಕೆ ಹೋಗಿ ಹಾಜರಿ ಹಾಕಿಸಿಕೊಂಡು ಬರುವುದು. ಮಹಾಮಾರಿಯ ಕಾಲಕ್ಕೆ ಅದು ವಿವೇಕದ ಕ್ರಮವೇ. ಆದರೆ 2022ರಲ್ಲೂ 2024ರಲ್ಲೂ ನಾವು ಹೋದ ಹಡಗಿನಲ್ಲಿ ಅದೇ ನಡೆಯಿತು. 2022ರಲ್ಲಿ ಹಾಜರಿಗೆ ಭಾವನವರು ನಮ್ಮೆಲ್ಲರ ಕಾರ್ಡುಗಳನ್ನು ತೆಗೆದುಕೊಂಡು ಒಬ್ಬರೇ ಹೋಗಿ ಬಂದರು. ಯಾರೂ ಪ್ರಶ್ನಿಸಲಿಲ್ಲ. ರಾತ್ರಿ ಊಟದ ಹೊತ್ತಿಗೆ ಅಕ್ಕನ ಮಗನನ್ನು, ಅವನಿಗಾಗ ಏಳು ವರ್ಷ, ಕೇಳಿದೆ: "ಸೈರನ್ ಕೂಗಿದರೆ ಎಲ್ಲಿಗೆ ಹೋಗ್ತೀಯೋ?" ಅವನು ಸ್ವಲ್ಪವೂ ಯೋಚಿಸದೆ, "ಐಸ್‌ಕ್ರೀಮ್ ಕೊಡ್ತಾರಲ್ಲ, ಅಲ್ಲಿಗೆ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ನಿದ್ದೆ ಬರಲಿಲ್ಲ.

ಏಕೆಂದು ಹೇಳುತ್ತೇನೆ. ಪ್ರಯಾಣಿಕ ಹಡಗಿನ ದೋಣಿಗಳೆಲ್ಲ, ಜನ ತುಂಬಿಕೊಂಡು, ತೊರೆಯುವ ಸಂಕೇತವಾದ 30 ನಿಮಿಷಗಳೊಳಗೆ ನೀರಿಗಿಳಿಯುವಂತಿರಬೇಕು ಎಂಬ ನಿಯಮವಿದೆ. ಕೇಳಲು ಸಮಾಧಾನವಾಗುತ್ತದೆ. ಆದರೆ ಆ 30 ನಿಮಿಷದ ಲೆಕ್ಕ ಶುರುವಾಗುವುದು ಎಲ್ಲರೂ ಜಾಕೆಟ್ ತೊಟ್ಟು ಕೂಡುತಾಣದಲ್ಲಿ ಸೇರಿದ ಮೇಲೆ. ಸೇರುವುದಕ್ಕೆ ಎಷ್ಟು ಹೊತ್ತು? ಅದು ಯಂತ್ರದ ಮೇಲೆ ನಿಂತಿಲ್ಲ, ಏಳು ವರ್ಷದ ಆ ಹುಡುಗನ ಮೇಲೆ ನಿಂತಿದೆ. ದಾರಿ ಗೊತ್ತಿಲ್ಲದ ಒಂದು ಮಗು, ಅದನ್ನು ಹುಡುಕುತ್ತ ಮೆಟ್ಟಿಲಲ್ಲಿ ಎದುರುದಿಕ್ಕಿಗೆ ಓಡುವ ತಂದೆತಾಯಿ, ಅವರಿಂದ ತಡೆಹಿಡಿದು ನಿಂತ ನೂರು ಜನ. ಕುಟುಂಬಗಳ ಹಡಗಿನಲ್ಲಿ ಇನ್ನೂ ಒಂದು ತೊಡಕಿದೆ. ಹಗಲೆಲ್ಲ ಮಕ್ಕಳು ಒಂದು ಅಂತಸ್ತಿನ ಮಕ್ಕಳ ಕ್ಲಬ್ಬಿನಲ್ಲಿ, ದೊಡ್ಡವರು ಬೇರೆ ಅಂತಸ್ತಿನಲ್ಲಿ. ಆಗ ಸೈರನ್ ಆದರೆ ಯಾರು ಯಾರನ್ನು ಕರೆತರಬೇಕು? ನಾನು ಕ್ಲಬ್ಬಿನ ಮೇಲ್ವಿಚಾರಕಿಯನ್ನು ಕೇಳಿದೆ. ಸಿಬ್ಬಂದಿಯೇ ಮಕ್ಕಳನ್ನು ಕೂಡುತಾಣಕ್ಕೆ ತರುತ್ತಾರೆ, ತಂದೆತಾಯಿ ಮೇಲೆ ಬರಕೂಡದು ಎಂದು ಅವರು ವಿವರಿಸಿದರು. ಒಳ್ಳೆಯ ವ್ಯವಸ್ಥೆ. ಆದರೆ ಕೇಳುವವರೆಗೆ ಅದನ್ನು ನಮಗಾರೂ ಹೇಳಿರಲಿಲ್ಲ.

ನನ್ನ ಬೇಡಿಕೆ ಇಷ್ಟೆ: ಮೊಬೈಲ್ ಚಿತ್ರ ಇರಲಿ, ಆದರೆ ಮಕ್ಕಳಿರುವ ಪ್ರತಿ ಸಂಸಾರವೂ ಒಮ್ಮೆ ನಡೆದು ಹೋಗಿ ತಮ್ಮ ದೋಣಿಯ ಕೆಳಗೆ ನಿಲ್ಲಬೇಕು. ಜಾಕೆಟ್ಟನ್ನು ಮಗು ತನ್ನ ಕೈಯಿಂದಲೇ ತೊಡಬೇಕು. ರಾತ್ರಿಯ ಮೆರವಣಿಗೆಗೆ ಒಂದು ಗಂಟೆ ಕೊಡುವ ಸಂಸ್ಥೆ ಇದಕ್ಕೆ ಇಪ್ಪತ್ತು ನಿಮಿಷ ಕೊಡಲಾರದೆ?

ಈಜುಕೊಳದ ಮಾತು ಚಿಕ್ಕದು. ಬಹುಕಾಲ ವಿಹಾರ ನೌಕೆಗಳ ಕೊಳಗಳ ಬಳಿ 'ಇಲ್ಲಿ ರಕ್ಷಕರಿಲ್ಲ, ನಿಮ್ಮ ಜವಾಬ್ದಾರಿ ನಿಮ್ಮದು' ಎಂಬ ಫಲಕವಷ್ಟೇ ಇರುತ್ತಿತ್ತು. 2013ರಲ್ಲಿ ಡಿಸ್ನಿ ಹಡಗೊಂದರಲ್ಲಿ ಪುಟ್ಟ ಮಗುವೊಂದು ಕೊಳದಲ್ಲಿ ಮುಳುಗಿ ತೀವ್ರ ಅಪಾಯಕ್ಕೊಳಗಾದ ಮೇಲೆ ಆ ಸಂಸ್ಥೆ ಜೀವರಕ್ಷಕರನ್ನು ನೇಮಿಸಿತು. 2017ರಲ್ಲಿ ರಾಯಲ್ ಕೆರಿಬಿಯನ್ ಸಂಸ್ಥೆಯೂ ಆ ದಾರಿ ಹಿಡಿಯಿತು. ಅಮೆರಿಕದ 2010ರ ವಿಹಾರ ನೌಕೆ ಭದ್ರತಾ ಕಾನೂನು ಡೆಕ್ಕಿನ ಕಂಬಿಬೇಲಿ 42 ಅಂಗುಲ ಎತ್ತರವಿರಬೇಕು ಎಂದು ಅಳತೆ ಸಮೇತ ಹೇಳುತ್ತದೆ, ಕೊಳದ ರಕ್ಷಕರ ಬಗ್ಗೆ ಏನೂ ಹೇಳುವುದಿಲ್ಲ. ಮುಳುಗುವ ಮಗು ಸಿನಿಮಾದಲ್ಲಿ ಕಾಣುವಂತೆ ಕೂಗುವುದಿಲ್ಲ, ಸದ್ದಿಲ್ಲದೆ ಮುಳುಗುತ್ತದೆ. ರಕ್ಷಕರಿದ್ದಾರೆಂದು ತಂದೆತಾಯಿ ಮೊಬೈಲ್ ನೋಡುತ್ತ ಕೂರುವುದನ್ನೂ ನಾನು ನೋಡಿದ್ದೇನೆ. ಅದು ಸಂಸ್ಥೆಯ ತಪ್ಪಲ್ಲ.

ಇನ್ನು ಕೈ ತೊಳೆಯುವ ವಿಚಾರ. ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಗಮನವಿಟ್ಟು ಓದಬೇಕು. ಹಡಗುಗಳಲ್ಲಿ ವಾಂತಿಭೇದಿ ಹರಡಿದ ಸುದ್ದಿ ಆಗಾಗ ಬರುತ್ತದೆ. ಕಾರಣ ಬಹುಪಾಲು ನೋರೋವೈರಸ್. 1968ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ನಾರ್ವಾಕ್ ಎಂಬ ಊರಿನ ಶಾಲೆಯಲ್ಲಿ ಈ ಕಾಯಿಲೆ ಹಬ್ಬಿತು, 1972ರಲ್ಲಿ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ವೈರಸ್ಸನ್ನು ಕಂಡರು. ಊರಿನ ಹೆಸರೇ ವೈರಸ್ಸಿಗೆ ಅಂಟಿಕೊಂಡಿತು. ಇದರ ನೂರಕ್ಕಿಂತ ಕಡಿಮೆ ಕಣಗಳು ಹೊಟ್ಟೆಗೆ ಹೋದರೂ ಸಾಕು, ಕಾಯಿಲೆ ಬರುತ್ತದೆ.

ಭೋಜನಶಾಲೆಯ ಬಾಗಿಲಲ್ಲಿ ಸಿಬ್ಬಂದಿ ನಗುನಗುತ್ತ ಎಲ್ಲರ ಅಂಗೈಗೆ ಸ್ಯಾನಿಟೈಸರ್ ಹಾಕುತ್ತಾರೆ. ನಾವು ಕೈ ಶುದ್ಧವಾಯಿತೆಂದು ತಟ್ಟೆ ಹಿಡಿಯುತ್ತೇವೆ. ಆದರೆ ಆಲ್ಕೋಹಾಲ್ ಚೆನ್ನಾಗಿ ಕೊಲ್ಲುವುದು ಮೇಲೆ ಕೊಬ್ಬಿನ ಹೊದಿಕೆ ಇರುವ ವೈರಸ್ಸುಗಳನ್ನು. ಕೊರೋನಾ ವೈರಸ್ಸಿಗೆ ಅಂಥ ಹೊದಿಕೆ ಇದೆ. ನೋರೋವೈರಸ್ಸಿಗೆ ಇಲ್ಲ. ಆದ್ದರಿಂದ ಸ್ಯಾನಿಟೈಸರ್ ಅದರ ಮೇಲೆ ಅಷ್ಟಾಗಿ ಪರಿಣಾಮಕಾರಿಯಲ್ಲ. ಸೋಪು ಹಚ್ಚಿ ಉಜ್ಜಿ, ಹರಿಯುವ ನೀರಿನಲ್ಲಿ ತೊಳೆದು ಕಳುಹಿಸುವುದೇ ಉಪಾಯ. ನಮ್ಮ ಅಜ್ಜಿಯರು ಊಟಕ್ಕೆ ಮುಂಚೆ ಚೊಂಬು ತೋರಿಸುತ್ತಿದ್ದುದು ಇದೇ ತಾನೆ. ಭೋಜನಶಾಲೆಯ ಬಾಗಿಲಲ್ಲಿ, ಮಕ್ಕಳ ಎತ್ತರಕ್ಕೆ ತಕ್ಕ ನಲ್ಲಿಗಳ ಒಂದು ಸಾಲು ನನಗೆ ಬೇಕು. ಕೆಲವು ಹಡಗುಗಳಲ್ಲಿ ಈಗಾಗಲೇ ಇದೆ. ನಾವು ಹೋದದ್ದರಲ್ಲಿ ಇರಲಿಲ್ಲ.

ಅಂದಹಾಗೆ, ಅಮೆರಿಕದ ರೋಗ ನಿಯಂತ್ರಣ ಕೇಂದ್ರ 1975ರಲ್ಲಿ ಹಡಗುಗಳ ನೈರ್ಮಲ್ಯ ಪರೀಕ್ಷೆಯ ಯೋಜನೆ ಆರಂಭಿಸಿತು. ಮುನ್ಸೂಚನೆ ಕೊಡದೆ ಬಂದು, ನೂರಕ್ಕೆ ಅಂಕ ಕೊಡುತ್ತಾರೆ. 86 ಬಂದರೆ ಪಾಸು, 85 ಬಂದರೆ ನಪಾಸು. ಎಸ್.ಎಸ್.ಎಲ್.ಸಿ.ಗಿಂತ ಕಠಿಣ! ಅಂಕಗಳು ಸಾರ್ವಜನಿಕರಿಗೆ ಲಭ್ಯ. ಹೋಟೆಲಿನ ಬೆಲೆಪಟ್ಟಿಯಂತೆ ಅದನ್ನು ಹಡಗಿನ ಬಾಗಿಲಲ್ಲೇ ಹಾಕಬಹುದು.

ಈಗ ಮುಚ್ಚಿದ ಬಾಗಿಲುಗಳಿಗೆ ಬರೋಣ. ಸುತ್ತ ಉಪ್ಪುನೀರು, ಒಳಗೆ ಮೂರೂವರೆ ಸಾವಿರ ಜನ. ಪ್ರತಿ ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಎಲ್ಲರಿಗೂ ಸ್ನಾನಕ್ಕೆ, ಕುಡಿಯಲು ಸಿಹಿನೀರು ಎಲ್ಲಿಂದ? ಬಂದರಿನಲ್ಲಿ ತುಂಬಿಸಿಕೊಳ್ಳುವುದು ಸ್ವಲ್ಪ, ಹಡಗೇ ತಯಾರಿಸುವುದು ಬಹಳ. ಎಂಜಿನ್ನುಗಳನ್ನು ತಂಪು ಮಾಡಿ ಬಂದ ಬಿಸಿನೀರಿನ ಶಾಖವನ್ನು ವ್ಯರ್ಥ ಮಾಡದೆ ಸಮುದ್ರದ ನೀರನ್ನು ಕುದಿಸಲು ಬಳಸುತ್ತಾರೆ. ಆದರೆ ಆ ಶಾಖ ನೂರು ಡಿಗ್ರಿ ಇರುವುದಿಲ್ಲ. ಆಗೇನು ಮಾಡುವುದು? ಪಾತ್ರೆಯೊಳಗಿನ ಗಾಳಿಯನ್ನು ಹೊರಗೆಳೆದು ಒತ್ತಡ ತಗ್ಗಿಸುತ್ತಾರೆ. ಒತ್ತಡ ತಗ್ಗಿದರೆ ನೀರು ಕಡಿಮೆ ಶಾಖಕ್ಕೇ ಕುದಿಯುತ್ತದೆ. ನಿಮ್ಮ ಮನೆಯ ಪ್ರೆಷರ್ ಕುಕ್ಕರಿಗೆ ಸರಿಯಾಗಿ ತದ್ವಿರುದ್ಧ. ಹಬೆ ತಣಿದು ಬರುವ ನೀರು ಎಷ್ಟು ಶುದ್ಧವೆಂದರೆ ಅದಕ್ಕೆ ರುಚಿಯೇ ಇರುವುದಿಲ್ಲ, ಖನಿಜಗಳನ್ನು ಆಮೇಲೆ ಸೇರಿಸುತ್ತಾರೆ. ಇನ್ನೊಂದು ವಿಧಾನದಲ್ಲಿ, ಭಾರೀ ಒತ್ತಡದಿಂದ ನೀರನ್ನು ಸೂಕ್ಷ್ಮ ಪೊರೆಯ ಮೂಲಕ ನುಗ್ಗಿಸಿ ಉಪ್ಪನ್ನು ಆಚೆಯೇ ಉಳಿಸುತ್ತಾರೆ. ಎರಡೂ ನಿಮ್ಮ ಪಠ್ಯಪುಸ್ತಕದಲ್ಲಿರುವ ಪಾಠಗಳೇ. ಹಡಗಿನ ಹೊಟ್ಟೆಯಲ್ಲಿ ಅವು ಹಗಲಿರುಳು ನಡೆಯುತ್ತಿವೆ, ಮೇಲೆ ಮಕ್ಕಳು ಜಾರುಬಂಡೆಯಲ್ಲಿ ಅದೇ ತೇವದಲ್ಲಿ ಜಾರುತ್ತಿದ್ದಾರೆ, ಒಬ್ಬರಿಗೂ ಗೊತ್ತಿಲ್ಲ.

ನಾನು ಎಂಜಿನ್ ನಿಯಂತ್ರಣ ಕೊಠಡಿ ನೋಡಬಹುದೇ ಎಂದು ಕೇಳಿದೆ. ದುಡ್ಡು ಕೊಟ್ಟರೆ ಒಂದು ವಿಶೇಷ ದರ್ಶನವಿದೆ, ಆದರೆ ಹದಿನಾರು ವರ್ಷದೊಳಗಿನವರಿಗೆ ಪ್ರವೇಶವಿಲ್ಲ ಎಂದರು. 2004ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಭದ್ರತಾ ನಿಯಮಗಳಿಂದಾಗಿ ಎಲ್ಲರನ್ನೂ ಒಳಗೆ ಬಿಡುವುದು ಕಷ್ಟ ಎಂಬುದನ್ನು ಒಪ್ಪುತ್ತೇನೆ. ಬಿಸಿಯಾದ ಕೊಳವೆಗಳ ನಡುವೆ ನಲವತ್ತು ಮಕ್ಕಳನ್ನು ನಡೆಸುವುದನ್ನು ನೆನೆದರೆ ನನಗೇ ಬೆವರು ಬರುತ್ತದೆ.

ಆದರೆ ನನ್ನ ಕಸುಬು ದೂರದರ್ಶನ. ಬಿಡಲಾಗದ ಜಾಗವನ್ನು ತೋರಿಸುವುದಕ್ಕೇ ನಮ್ಮ ಕ್ಯಾಮೆರಾ ಇರುವುದು. ಪ್ರತಿ ಕ್ಯಾಬಿನ್ನಿನಲ್ಲೂ ಟಿ.ವಿ. ಇದೆ. ಅದರಲ್ಲಿ ಒಂದು ವಾಹಿನಿ ಹಡಗಿನ ಮೂತಿಯ ಮೇಲಿನ ಕ್ಯಾಮೆರಾದ ದೃಶ್ಯವನ್ನು ಸದಾ ತೋರಿಸುತ್ತದೆ, ಮಾತಿಲ್ಲ, ವಿವರವಿಲ್ಲ. ಉಳಿದವುಗಳಲ್ಲಿ ಕಾರ್ಟೂನು. 2011ರಲ್ಲಿ ಬಂದ 'ಡಿಸ್ನಿ ಡ್ರೀಮ್' ಹಡಗಿನಲ್ಲಿ ಒಂದು ಜಾಣತನದ ಏರ್ಪಾಡು ಮಾಡಿದರು. ಕಿಟಕಿಯಿಲ್ಲದ ಒಳಕ್ಯಾಬಿನ್ನುಗಳ ಗೋಡೆಯಲ್ಲಿ ದುಂಡನೆಯ ತೆರೆಯೊಂದನ್ನಿಟ್ಟು ಹೊರಗಿನ ಕ್ಯಾಮೆರಾ ಕಂಡ ಸಮುದ್ರವನ್ನೇ ಆ ಕ್ಷಣದಲ್ಲಿ ಅಲ್ಲಿ ತೋರಿಸಿದರು, ನಡುನಡುವೆ ಕಾರ್ಟೂನಿನ ಪಾತ್ರವೊಂದು ತೇಲಿಹೋಗುವಂತೆ. ಇಷ್ಟು ಮಾಡಬಲ್ಲ ಉದ್ಯಮಕ್ಕೆ ಎಂಜಿನ್ ಕೊಠಡಿಯಲ್ಲಿ ಒಂದು, ನೀರಿನ ಯಂತ್ರದ ಬಳಿ ಒಂದು, ಕಸ ವಿಂಗಡಿಸುವಲ್ಲಿ ಒಂದು, ಹೀಗೆ ಮೂರು ಕ್ಯಾಮೆರಾ ಇಡುವುದು ಏನು ಮಹಾ? ದಿನಕ್ಕೆ ಹದಿನೈದು ನಿಮಿಷ ಹಡಗಿನ ಎಂಜಿನಿಯರೊಬ್ಬರು ಬಂದು ಮಾತಾಡಲಿ. ಮೂತಿಯ ಚಿತ್ರದ ಕೆಳಗೆ ಅಕ್ಷಾಂಶ, ರೇಖಾಂಶ, ಗಾಳಿಯ ವೇಗ, ಕೆಳಗಿನ ಸಮುದ್ರದ ಆಳ ಬರಲಿ. ಖರ್ಚು ಎಷ್ಟೆಂದು ನನಗೆ ಗೊತ್ತು, ಒಂದು ರಾತ್ರಿಯ ಪಟಾಕಿ ಪ್ರದರ್ಶನಕ್ಕಿಂತ ಹೆಚ್ಚಾಗಲಾರದು.

ಕಸದ ಕೋಣೆಯನ್ನು ಏಕೆ ಸೇರಿಸಿದೆ ಎಂದರೆ, ಮುಚ್ಚಿದ ಬಾಗಿಲಿನ ಹಿಂದೆ ಎಲ್ಲವೂ ಒಳ್ಳೆಯದೇ ನಡೆಯುತ್ತದೆಂದು ಹೇಳಲಾಗದು. ಸಮುದ್ರ ಮಾಲಿನ್ಯ ತಡೆಯುವ 'ಮಾರ್ಪೋಲ್' ಎಂಬ ಅಂತರರಾಷ್ಟ್ರೀಯ ಒಪ್ಪಂದವಿದೆ. ಅದರ ಪ್ರಕಾರ ಪ್ಲಾಸ್ಟಿಕ್ಕನ್ನು ಎಲ್ಲಿಯೂ ಎಸೆಯುವಂತಿಲ್ಲ. ಸಂಸ್ಕರಿಸದ ಶೌಚಾಲಯದ ನೀರನ್ನು ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ದಾಟಿದ ಮೇಲೆ, ಚಲಿಸುತ್ತಿರುವಾಗ ಮಾತ್ರ ಬಿಡಬಹುದು. ಎಣ್ಣೆ ಬೆರೆತ ನೀರನ್ನು ಬಿಡಬೇಕಾದರೆ ಎಣ್ಣೆಯ ಅಂಶ ಹತ್ತು ಲಕ್ಷಕ್ಕೆ 15 ಭಾಗ ಮೀರಬಾರದು. ಆದರೆ ಸ್ನಾನದ, ಬಟ್ಟೆ ತೊಳೆದ ಬಚ್ಚಲ ನೀರಿಗೆ ಈ ಒಪ್ಪಂದದಲ್ಲಿ ಕಟ್ಟುಪಾಡಿಲ್ಲ, ಅಲಾಸ್ಕದಂಥ ಕೆಲವು ಕಡೆ ಮಾತ್ರ ಸ್ಥಳೀಯ ಕಾನೂನಿದೆ.

ಕಾನೂನು ಇದ್ದಲ್ಲಿಯೂ ಏನಾಗುತ್ತದೆ ನೋಡಿ. 'ಕೆರಿಬಿಯನ್ ಪ್ರಿನ್ಸೆಸ್' ಎಂಬ ವಿಹಾರ ನೌಕೆಯಲ್ಲಿ 2013ರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಎಂಜಿನಿಯರೊಬ್ಬ, ಎಣ್ಣೆ ಬೇರ್ಪಡಿಸುವ ಯಂತ್ರವನ್ನು ತಪ್ಪಿಸಿ ಕೊಳಕು ನೀರನ್ನು ನೇರ ಸಮುದ್ರಕ್ಕೆ ಬಿಡುವ ಕಳ್ಳಕೊಳವೆಯನ್ನು ಕಂಡ. ನಾವಿಕರ ಭಾಷೆಯಲ್ಲಿ ಅದಕ್ಕೆ 'ಮಾಯಾ ಕೊಳವೆ' ಎಂದೇ ಹೆಸರು! ಅವನು ಇಂಗ್ಲೆಂಡಿನ ಅಧಿಕಾರಿಗಳಿಗೆ ತಿಳಿಸಿ ಕೆಲಸ ಬಿಟ್ಟ. 2016ರ ಡಿಸೆಂಬರಿನಲ್ಲಿ ಆ ಸಂಸ್ಥೆ ತಪ್ಪೊಪ್ಪಿಕೊಂಡು ನಾಲ್ಕು ಕೋಟಿ ಡಾಲರ್ ದಂಡ ಕಟ್ಟಲು ಸಮ್ಮತಿಸಿತು. ಸಾವಿರಾರು ಪ್ರಯಾಣಿಕರು ಆ ಹಡಗಿನಲ್ಲಿ ಹೋಗಿಬಂದರು, ಬಾಗಿಲ ಹಿಂದೆ ಕಣ್ಣು ಹಾಯಿಸಿದವನು ಒಬ್ಬ.

ಚಿಮಣಿಯ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಬಂದರಿನಲ್ಲಿ ನಿಂತಾಗಲೂ ಹಡಗಿನ ದೀಪ, ಹವಾನಿಯಂತ್ರಣಕ್ಕಾಗಿ ಎಂಜಿನ್ ಓಡುತ್ತಲೇ ಇರುತ್ತದೆ. ಹೊಗೆ ಬಂದರಿನ ಸುತ್ತಲಿನ ಮನೆಗಳಿಗೆ. 2001ರಲ್ಲಿ ಅಲಾಸ್ಕದ ಜೂನೋ ಪಟ್ಟಣದಲ್ಲಿ ನಿಂತ ವಿಹಾರ ನೌಕೆಗೆ ದಡದಿಂದಲೇ ವಿದ್ಯುತ್ ಕೊಟ್ಟು ಎಂಜಿನ್ ನಿಲ್ಲಿಸುವ ಏರ್ಪಾಡು ಬಂತು. ಇದು ಎಲ್ಲ ಬಂದರುಗಳಿಗೂ ಬರಬೇಕು. 2020ರಿಂದ ಹಡಗಿನ ಇಂಧನದಲ್ಲಿ ಗಂಧಕದ ಮಿತಿ ಶೇಕಡ 3.5ರಿಂದ 0.5ಕ್ಕೆ ಇಳಿದದ್ದು ಒಳ್ಳೆಯದಾಯಿತು. ಹೊಸ ಹಡಗುಗಳು ದ್ರವೀಕೃತ ನೈಸರ್ಗಿಕ ಅನಿಲದಿಂದ ಓಡುತ್ತವೆಂದು ಜಾಹೀರಾತು ನೋಡುತ್ತೀರಿ. ಮಸಿ, ಗಂಧಕ ಕಡಿಮೆಯಾಗುವುದು ನಿಜ. ಆದರೆ ಆ ಅನಿಲ ಬಹುಪಾಲು ಮೀಥೇನ್, ಉರಿಯದೆ ಸೋರಿಹೋದ ಮೀಥೇನ್ ಇಪ್ಪತ್ತು ವರ್ಷಗಳ ಅವಧಿಯಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು ಎಂಬತ್ತು ಪಟ್ಟು ಶಾಖ ಹಿಡಿಯುತ್ತದೆ. ಜಾಹೀರಾತಿನಲ್ಲಿ ಎರಡನೆಯ ವಾಕ್ಯವೂ ಇರಬೇಕೆಂಬುದು ನನ್ನ ಬೇಡಿಕೆ.

ಸಣ್ಣಪುಟ್ಟವು ಇನ್ನೂ ಇವೆ. ಸಸ್ಯಾಹಾರಿಗಳ ತಟ್ಟೆಯಲ್ಲಿ ಮೂರು ದಿನವೂ ಅದೇ ಪಾಸ್ತಾ ಬೇಡ. ಇಂಟರ್ನೆಟ್ಟಿಗೆ ಕೇಳುವ ಬೆಲೆ ಅತಿಯಾಯಿತು, ಆದರೆ ನಾಲ್ಕು ದಿನ ಅದಿಲ್ಲದೆ ಮಕ್ಕಳು ಹಿರಿಯರೊಂದಿಗೆ ಇಸ್ಪೀಟಾಡಿದ್ದನ್ನು ಕಂಡು ಈ ದೂರನ್ನು ಅರ್ಧ ಹಿಂತೆಗೆದುಕೊಂಡಿದ್ದೇನೆ.

ಹೋದಾಗಲೆಲ್ಲ ಬಹಾಮಾಸ್ ಏಕೆ ಎಂದು ಅಕ್ಕನ ಮಗ ಕೇಳಿದ. ಅಮೆರಿಕದ 1886ರ ಒಂದು ಕಾನೂನಿನಂತೆ ಪರದೇಶದ ಬಾವುಟ ಹೊತ್ತ ಹಡಗು ಅಮೆರಿಕದ ಬಂದರುಗಳ ನಡುವೆಯೇ ಪ್ರಯಾಣಿಕರನ್ನು ಸಾಗಿಸುವಂತಿಲ್ಲ, ನಡುವೆ ಪರದೇಶವೊಂದನ್ನು ಮುಟ್ಟಬೇಕು. ಹತ್ತಿರದ ಪರದೇಶ ಬಹಾಮಾಸ್. ಆದರೆ ಅಲ್ಲಿ ಮಕ್ಕಳು ಇಳಿಯುವುದು ಬಹುತೇಕ ಸಂಸ್ಥೆಯದೇ ಖಾಸಗಿ ದ್ವೀಪದಲ್ಲಿ. ಆ ದೇಶದ ಒಂದು ಶಾಲೆ, ಒಂದು ಮೀನು ಮಾರುಕಟ್ಟೆ ನೋಡದೆ ಬಹಾಮಾಸ್ ನೋಡಿದೆವೆಂದು ಹೇಳಿಕೊಳ್ಳುತ್ತೇವೆ.

ಮುಚ್ಚಿದ ಬಾಗಿಲಿನಿಂದ ಹೊರಗೆ ಬರುವವರೂ ಇದ್ದಾರೆ. 2024ರ ಪ್ರವಾಸದಲ್ಲಿ ನಮ್ಮ ಮೇಜಿಗೆ ಬಡಿಸುತ್ತಿದ್ದ ಹುಡುಗ ಅಕ್ಕನೂ ನಾನೂ ಮಾತಾಡುವುದನ್ನು ಕೇಳಿ ನಿಂತುಬಿಟ್ಟ. "ಕನ್ನಡ ಮಾತಾಡ್ತೀರಲ್ಲ, ಯಾವ ಊರು ಸರ್?" ಅವನು ಬಂಟ್ವಾಳದ ಕಡೆಯವನು. ಮಂಗಳೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವನು. ನಮ್ಮ ಕರಾವಳಿಯಿಂದ, ಗೋವಾದಿಂದ ಅನೇಕರು ಈ ಹಡಗುಗಳಲ್ಲಿದ್ದಾರೆ. ಅವನದು ಎಂಟು ತಿಂಗಳ ಕರಾರು. ಬೆಳಗಿನ ತಿಂಡಿ, ಮಧ್ಯಾಹ್ನ, ರಾತ್ರಿ, ಮೂರು ಹೊತ್ತೂ ಕೆಲಸ. ಮಲಗುವುದು ನೀರಿನ ಮಟ್ಟಕ್ಕಿಂತ ಕೆಳಗಿನ ಅಂತಸ್ತಿನಲ್ಲಿ, ಇಬ್ಬರಿಗೆ ಒಂದು ಕೋಣೆ, ಕಿಟಕಿಯಿಲ್ಲ. "ಸಮುದ್ರ ನೋಡದೆ ವಾರವಾಗುತ್ತದೆ ಸರ್, ಸಮುದ್ರದಲ್ಲೇ ಇದ್ದುಕೊಂಡು" ಎಂದು ನಕ್ಕ. ತಂಗಿಯ ಮದುವೆಯನ್ನು ಮೊಬೈಲಿನಲ್ಲಿ ನೋಡಿದನಂತೆ.

ನಾವಿಕ ಕಾರ್ಮಿಕರ ಅಂತರರಾಷ್ಟ್ರೀಯ ಒಪ್ಪಂದ 2006ರಲ್ಲಿ ರೂಪುಗೊಂಡು 2013ರಲ್ಲಿ ಜಾರಿಗೆ ಬಂತು, ಭಾರತ 2015ರಲ್ಲಿ ಅದನ್ನು ಅಂಗೀಕರಿಸಿತು. ಅದರ ಪ್ರಕಾರ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಸಿಗಬೇಕು. ಲೆಕ್ಕ ಮಾಡಿ ನೋಡಿ, ವಾರಕ್ಕೆ 168 ಗಂಟೆ. 77 ಕಳೆದರೆ ಉಳಿಯುವುದು 91. ಕಾನೂನಿನೊಳಗೇ ಎಷ್ಟು ದುಡಿಸಿಕೊಳ್ಳಬಹುದೆಂದು ಇದರಿಂದ ತಿಳಿಯುತ್ತದೆ. ಟಿಕೆಟ್ಟಿನ ಮೇಲೆ ದಿನಕ್ಕಿಷ್ಟು ಎಂದು ಭಕ್ಷೀಸು ಸೇರಿಸುತ್ತಾರೆ. ಅದರಲ್ಲಿ ಈ ಹುಡುಗನಿಗೆ ಎಷ್ಟು ಸೇರುತ್ತದೆ ಎಂಬುದು ರಸೀದಿಯಲ್ಲಿ ಬರೆದಿರಬೇಕು. ನನ್ನ ಪಟ್ಟಿಯಲ್ಲಿ ಕವಾಯತಿನ ಕೆಳಗೇ ಇದಕ್ಕೆ ಸ್ಥಾನ, ಏಕೆಂದರೆ ಸೈರನ್ ಕೂಗಿದ ರಾತ್ರಿ ನಮ್ಮ ಮಕ್ಕಳ ಕೈ ಹಿಡಿದು ದೋಣಿಗೆ ಹತ್ತಿಸುವವನು ಇವನೇ. ನಿದ್ದೆಗೆಟ್ಟವನ ಕೈ ಆಗಬಾರದು ಅದು.

ನವಮಂಗಳೂರು ಬಂದರಿಗೂ ಇಂಥ ಹಡಗುಗಳು ಬರುತ್ತವೆ. 2024ರ ಸೆಪ್ಟೆಂಬರಿನಲ್ಲಿ ಭಾರತ ಸರ್ಕಾರ ವಿಹಾರ ನೌಕೆಗಳ ಪ್ರವಾಸ ಹೆಚ್ಚಿಸುವ ಯೋಜನೆಯನ್ನು ಘೋಷಿಸಿತು. ನಿಮ್ಮಲ್ಲಿ ಕೆಲವರು ಪ್ರಯಾಣಿಕರಾಗಿ, ಕೆಲವರು ಎಂಜಿನಿಯರುಗಳಾಗಿ ಅವುಗಳನ್ನು ಹತ್ತುವ ಕಾಲ ದೂರವಿಲ್ಲ.

ಹಿಂತಿರುಗಿದ ಮೇಲೆ ಈ ಬೇಡಿಕೆಗಳನ್ನೆಲ್ಲ ಸಂಸ್ಥೆಗೆ ಬರೆದು ಕಳುಹಿಸಿದೆ. ಎರಡು ವಾರದಲ್ಲಿ ಉತ್ತರ ಬಂತು. ಸಲಹೆಗಳಿಗಾಗಿ ಕೃತಜ್ಞತೆ, ಮುಂದಿನ ಪ್ರವಾಸಕ್ಕೆ ಒಂದು ರಿಯಾಯಿತಿ ಚೀಟಿ. ಕ್ಯಾಮೆರಾ, ಕವಾಯತು, ನಲ್ಲಿಯ ಬಗ್ಗೆ ಒಂದು ಮಾತೂ ಇಲ್ಲ. ಭಾವನವರು ಚೀಟಿಯನ್ನು ಜೋಪಾನವಾಗಿ ಎತ್ತಿಟ್ಟಿದ್ದಾರೆ. ನಾನು ಅಕ್ಕನ ಮಗನಿಗೆ ಫೋನಿನಲ್ಲಿ ಹೇಳಿದ್ದೇನೆ, ಈ ಸಲ ಹಡಗು ಹತ್ತಿದ ಕೂಡಲೆ ಐಸ್‌ಕ್ರೀಮಿಗೆ ಮೊದಲು ನಾವಿಬ್ಬರೇ ನಡೆದು ಹೋಗಿ ನಮ್ಮ ದೋಣಿ ಎಲ್ಲಿದೆಯೆಂದು ನೋಡಿಕೊಂಡು ಬರೋಣ ಎಂದು. "ಎಂಜಿನ್ ರೂಮ್?" ಎಂದು ಕೇಳಿದ. ನಿನಗಿನ್ನೂ ಹದಿನಾರಾಗಿಲ್ಲವಲ್ಲೋ ಎಂದೆ.